ಕಿವಿಯ ಎರಡು ಮನೆಗಳು

ಸಂಗೀತಪ್ರಿಯರು ಈಗ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. ಹೆಡ್‌ಫೋನ್ ಕೊಳ್ಳುವುದಾದರೆ ತೆರೆದ ಬೆನ್ನಿನದನ್ನು ಕೊಳ್ಳಬೇಕೋ, ಮುಚ್ಚಿದ ಬೆನ್ನಿನದನ್ನು ಕೊಳ್ಳಬೇಕೋ? ಮೇಲುನೋಟಕ್ಕೆ ಇದು ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗಬಹುದಾದ ಮಾತು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂಥ ಊರುಗಳಲ್ಲಿ ಕುಳಿತು ವಿಚಾರಿಸಹೊರಟರೆ ಈ ಪ್ರಶ್ನೆ ಅಂಗಡಿಯನ್ನು ದಾಟಿ ಬಹುದೂರ ಹೋಗುತ್ತದೆ. ನಾವು ಎಂಥ ಮನೆಯಲ್ಲಿ ವಾಸಿಸುತ್ತೇವೆ, ಎಂಥ ಕಸುಬು ಮಾಡುತ್ತೇವೆ, ನಮ್ಮ ಪಾಲಿಗೆ ಮೌನವೆಂಬುದು ಎಷ್ಟು ಉಳಿದಿದೆ ಎಂಬ ಸಂಗತಿಗಳೆಲ್ಲ ಅದರೊಳಗೆ ಸೇರಿಕೊಳ್ಳುತ್ತವೆ.

ಹೆಡ್‌ಫೋನ್ ಹೊಸ ವಸ್ತುವೇನೂ ಅಲ್ಲ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡಿಗೆಕೋಣೆಯಲ್ಲಿ ಕೈಯಾರೆ ತಯಾರಿಸಿದ ಶ್ರವಣಯಂತ್ರಗಳನ್ನು ಆ ದೇಶದ ನೌಕಾದಳ ಕೊಂಡುಕೊಂಡಿತು. ರೇಡಿಯೋದ ಬಾಲ್ಯಕಾಲದಲ್ಲಿ, ಧ್ವನಿವರ್ಧಕವುಳ್ಳ ಪೆಟ್ಟಿಗೆಗಳು ಮನೆಮನೆಗೆ ಬರುವ ಮುನ್ನ, ಹರಳಿನ ರೇಡಿಯೋ ಇಟ್ಟುಕೊಂಡವರು ಕಿವಿಗೆ ಇಂಥ ಯಂತ್ರವನ್ನು ಸಿಕ್ಕಿಸಿಕೊಂಡೇ ಕೇಳಬೇಕಾಗಿತ್ತು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿಯಲ್ಲಿ ಆರಂಭವಾಗುವ ಹೊತ್ತಿಗೆ ಕಾಲ ಬದಲಾಗಿತ್ತು. ಒಂದು ರೇಡಿಯೋದ ಮುಂದೆ ಹತ್ತು ಜನ ಕುಳಿತು ಕೇಳುವುದು ನಮ್ಮ ಕಡೆಯ ರೂಢಿಯಾಯಿತು. ಒಬ್ಬನೇ ಕುಳಿತು ಸಂಗೀತ ಕೇಳುವ ಸುಖವನ್ನು ಮತ್ತೆ ಮುಂದಕ್ಕೆ ತಂದವನು ಅಮೆರಿಕದ ಜಾನ್ ಕಾಸ್. 1958ರಲ್ಲಿ ಅವನು ಹೊರತಂದ ಸ್ಟೀರಿಯೋ ಹೆಡ್‌ಫೋನ್ ಮುಚ್ಚಿದ ಬೆನ್ನಿನದು. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ದಿಂಬುಗಳುಳ್ಳ, ಹಗುರವಾದ ಎಚ್‌ಡಿ 414 ಎಂಬುದನ್ನು ಹೊರತಂದಿತು. ಅದರ ಬೆನ್ನು ತೆರೆದಿತ್ತು. ಅಲ್ಲಿಂದ ಮುಂದೆ ನಾದರಸಿಕರ ಲೋಕ ಎರಡು ಪಂಗಡಗಳಾಗಿ ಒಡೆಯಿತು.

ತೆರೆದದ್ದು ಎಂದರೇನು, ಮುಚ್ಚಿದ್ದು ಎಂದರೇನು? ಹೆಡ್‌ಫೋನಿನ ಪ್ರತಿಯೊಂದು ಬಟ್ಟಲಿನೊಳಗೂ ಒಂದು ತೆಳುವಾದ ಪೊರೆಯಿರುತ್ತದೆ. ವಿದ್ಯುತ್ತಿನ ಪ್ರೇರಣೆಯಿಂದ ಅದು ಹಿಂದೆ ಮುಂದೆ ಆಡುತ್ತದೆ. ಮುಂದಕ್ಕೆ ಬಂದಾಗ ಕಿವಿಯತ್ತ ಗಾಳಿಯನ್ನು ತಳ್ಳುತ್ತದೆ, ಆ ಹೊತ್ತಿನಲ್ಲಿಯೇ ತನ್ನ ಬೆನ್ನ ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ಅಂದರೆ ಒಂದೇ ಪೊರೆಯಿಂದ ಎರಡು ಧ್ವನಿಗಳು ಹುಟ್ಟುತ್ತವೆ. ಒಂದು ನಮಗೆ ಬೇಕಾದದ್ದು, ಇನ್ನೊಂದು ಹಿಂದಕ್ಕೆ ಹೋಗುವಂಥದು. ಆ ಹಿಂದಿನ ಧ್ವನಿಯನ್ನು ಏನು ಮಾಡಬೇಕೆಂಬುದರಲ್ಲಿಯೇ ಇಡೀ ವ್ಯತ್ಯಾಸವಿದೆ. ಬೆನ್ನಿಗೆ ಜಾಲರಿ ಹಾಕಿ ಅದನ್ನು ಹೊರಗೆ ಬಿಟ್ಟುಬಿಟ್ಟರೆ ಅದು ತೆರೆದ ಹೆಡ್‌ಫೋನ್. ಗಟ್ಟಿಯಾದ ಬಟ್ಟಲಿನೊಳಗೆ ಅದನ್ನು ಕೂಡಿಹಾಕಿದರೆ ಅದು ಮುಚ್ಚಿದ ಹೆಡ್‌ಫೋನ್.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಲು ಒಂದು ಹೋಲಿಕೆ ಸಾಕು. ಶ್ರೀಕೃಷ್ಣ ಪಾರಿಜಾತದ ಆಟವನ್ನು ಬಯಲಿನಲ್ಲಿ ನೋಡಿದವರು ಇದ್ದಾರೆ, ವೃತ್ತಿ ನಾಟಕ ಕಂಪನಿಯ ತಗಡಿನ ಥೇಟರಿನಲ್ಲಿ ನಾಟಕ ನೋಡಿದವರೂ ಇದ್ದಾರೆ. ಬಯಲಿನಲ್ಲಿ ಹಾಡಿದ ಪದ ಹಾಡಿದಷ್ಟೇ ಕೇಳಿಸುತ್ತದೆ. ಅದು ಯಾವ ಗೋಡೆಗೂ ಬಡಿದು ಮರಳಿ ಬರುವುದಿಲ್ಲ. ಆದರೆ ಬೀದಿಯ ನಾಯಿ ಬೊಗಳಿದರೆ ಅದೂ ಆಟದೊಳಗೆ ಸೇರುತ್ತದೆ. ತಗಡಿನ ಥೇಟರಿನಲ್ಲಿ ಹೊರಗಿನ ಗದ್ದಲ ಕಡಿಮೆ, ತಬಲಾದ ಪೆಟ್ಟು ಎದೆಗೆ ಬಂದು ತಾಕುತ್ತದೆ. ಆದರೆ ತಗಡು ತನ್ನದೊಂದು ದನಿಯನ್ನು ಎಲ್ಲದಕ್ಕೂ ಬೆರೆಸುತ್ತದೆ. ಮುಚ್ಚಿದ ಹೆಡ್‌ಫೋನಿನ ಬಟ್ಟಲಿನೊಳಗೂ ಇದೇ ನಡೆಯುತ್ತದೆ. ಹಿಂದಕ್ಕೆ ಹೋದ ಧ್ವನಿ ಗೋಡೆಗೆ ಬಡಿದು, ತೆಳುವಾದ ಪೊರೆಯನ್ನು ಹಾಯ್ದು, ಕ್ಷಣಾಂಶ ತಡವಾಗಿ ಕಿವಿಯನ್ನು ಸೇರುತ್ತದೆ. ಬಲ್ಲ ತಯಾರಕರು ಒಳಗೆ ಉಣ್ಣೆಯನ್ನೋ ಸ್ಪಂಜನ್ನೋ ತುಂಬಿ ಇದನ್ನು ಬಹುಮಟ್ಟಿಗೆ ಅಡಗಿಸುತ್ತಾರೆ. ಪೂರ್ತಿ ಅಡಗಿಸುವುದು ಕಷ್ಟ.

ಮಿರಜದಲ್ಲಿ ಕಟ್ಟಿದ ತಂಬೂರಿಯ ನಾದವನ್ನು ಎರಡರಲ್ಲಿಯೂ ಕೇಳಿ ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ. ತೆರೆದ ಹೆಡ್‌ಫೋನಿನಲ್ಲಿ ಜವಾರಿಯಿಂದ ಏಳುವ ಝೇಂಕಾರ ತಲೆಯ ಸುತ್ತ ಹಬ್ಬಿದಂತೆ, ಗಾಯಕನು ತುಸು ದೂರದಲ್ಲಿ ಕುಳಿತಂತೆ ಅನಿಸುತ್ತದೆ. ಮುಚ್ಚಿದ್ದರಲ್ಲಿ ಅದೇ ನಾದ ಹತ್ತಿರವಾಗಿ, ಒಂದು ಚಿಕ್ಕ ಕೋಣೆಯಲ್ಲಿ ಕೇಳಿದಂತೆ ತೋರುತ್ತದೆ. ಆದರೆ ಎಡಗೈ ತಬಲಾದ ಗುಮಕಿ ಬಂದಾಗ ಮುಚ್ಚಿದ್ದರ ಬಲ ಗೊತ್ತಾಗುತ್ತದೆ. ಕಿವಿಯ ಸುತ್ತ ದಿಂಬು ಬಿಗಿಯಾಗಿ ಕುಳಿತಾಗ ಒಳಗಿನ ಗಾಳಿ ಸೋರದೆ ಮಂದ್ರದ ಸ್ವರಗಳು ತುಂಬಿ ಬರುತ್ತವೆ. ತೆರೆದದ್ದರಲ್ಲಿ ಮುಂದಿನ ಧ್ವನಿ, ಹಿಂದಿನ ಧ್ವನಿ ಒಂದನ್ನೊಂದು ಸೇರಿ ಅತಿ ಕೆಳಗಿನ ಸ್ವರಗಳು ಕ್ಷೀಣಿಸುತ್ತವೆ. ಕನ್ನಡಕ ಹಾಕಿಕೊಳ್ಳುವವರು ಇಲ್ಲಿ ಒಂದು ಮಾತು ನೆನಪಿಡಬೇಕು. ಕನ್ನಡಕದ ಕಡ್ಡಿ ದಿಂಬಿನ ಕೆಳಗೆ ಸಂದು ಮಾಡಿದರೆ ಮುಚ್ಚಿದ ಹೆಡ್‌ಫೋನಿನ ಮಂದ್ರ ಆ ಸಂದಿನಲ್ಲಿಯೇ ಸೋರಿಹೋಗುತ್ತದೆ.

ಇಷ್ಟು ಕೇಳಿದ ಮೇಲೆ, ನಾದದ ಸಹಜತೆಗೆ ತೆರೆದದ್ದೇ ಮೇಲು ಎಂದು ಅನೇಕರು ತೀರ್ಪು ಕೊಡುತ್ತಾರೆ. ಶಾಂತವಾದ ಕೋಣೆಯಲ್ಲಿ ಕುಳಿತವರಿಗೆ ಆ ತೀರ್ಪು ಸರಿಯೇ. ಆದರೆ ಆ ಶಾಂತವಾದ ಕೋಣೆ ಎಲ್ಲಿದೆ? ಬೀಳಗಿಯ ಒಂದು ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ, ರಾತ್ರಿ ಹತ್ತರ ನಂತರ, ಅದು ಇದ್ದೀತು. ಮಣ್ಣಿನ ದಪ್ಪ ಗೋಡೆ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಮುಧೋಳ, ಜಮಖಂಡಿಗಳ ರಸ್ತೆಯ ಮಗ್ಗುಲ ಮನೆಯಲ್ಲಿ ಕಬ್ಬು ಅರೆಯುವ ಹಂಗಾಮಿನ ರಾತ್ರಿಯಲ್ಲಿ ಅದನ್ನು ಹುಡುಕುವುದು ವ್ಯರ್ಥ. ಕಾರಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು ತಮ್ಮ ಎಂಜಿನ್ನಿನ ಸದ್ದು ಸಾಲದೆಂಬಂತೆ ಹಾಡನ್ನೂ ಊರಿಗೆಲ್ಲ ಕೇಳಿಸುತ್ತ ಸಾಗುತ್ತವೆ. ಇನ್ನು ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಹಗಲೆಲ್ಲ ವಿದ್ಯುತ್ ಮಗ್ಗಗಳ ಲಾಳಿ ಬಡಿಯುತ್ತಲೇ ಇರುತ್ತದೆ. ಅಲ್ಲಿ ತೆರೆದ ಹೆಡ್‌ಫೋನ್ ಹಾಕಿಕೊಂಡವನು ತಂಬೂರಿಯ ಜೊತೆಗೆ ಮಗ್ಗವನ್ನೂ ಕೇಳುತ್ತಾನೆ. ಸಾಲದ್ದಕ್ಕೆ ಅವನ ಸಂಗೀತವೂ ಜಾಲರಿಯಿಂದ ಹೊರಗೆ ಸೋರಿ, ಅದೇ ಕೋಣೆಯಲ್ಲಿ ಓದುತ್ತಿರುವ ಮಕ್ಕಳ ಕಿವಿಗೂ ಬೀಳುತ್ತದೆ.

ಗದ್ದಲದ ನಡುವೆ ಕೇಳುವವನು ಮಾಡುವುದೇನು? ಧ್ವನಿಯನ್ನು ಏರಿಸುತ್ತಾನೆ. ಇದರಲ್ಲಿರುವ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯೋಣ. ಕೋಣೆಯ ಗದ್ದಲ 70 ಡೆಸಿಬಲ್ ಇದೆಯೆಂದೂ, ಸಂಗೀತ ಹಿತವಾಗಿ ಕೇಳಿಸಲು ಅದಕ್ಕಿಂತ 15 ಡೆಸಿಬಲ್ ಮೇಲಿರಬೇಕೆಂದೂ ಇಟ್ಟುಕೊಳ್ಳೋಣ. ತೆರೆದದ್ದು ಗದ್ದಲವನ್ನು ತಡೆಯದು. ಆದ್ದರಿಂದ ಸಂಗೀತ 85ಕ್ಕೆ ಏರಬೇಕು. ಮುಚ್ಚಿದ್ದು ಗದ್ದಲದಲ್ಲಿ 15 ಡೆಸಿಬಲ್ ತಡೆದರೂ ಸಂಗೀತಕ್ಕೆ 70 ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್ಲಿನವರೆಗೆ ಕೇಳಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೀಗೆ ನೋಡಿದರೆ ಗದ್ದಲದ ಊರಿನಲ್ಲಿ ಮುಚ್ಚಿದ ಹೆಡ್‌ಫೋನ್ ಕೊಡುವ ಮುಖ್ಯ ಲಾಭ ಮಂದ್ರದ ತುಂಬುತನವಲ್ಲ, ಮೆಲ್ಲಗೆ ಕೇಳುವ ಅವಕಾಶ. ಆದರೂ ಅದು ಚೂಪಾದ ಸದ್ದನ್ನು ತಡೆಯುವಷ್ಟು ಚೆನ್ನಾಗಿ ಎಂಜಿನ್ನಿನ ಗುಡುಗನ್ನು ತಡೆಯಲಾರದು ಎಂಬುದನ್ನು ಮರೆಯಬಾರದು.

ಇನ್ನು ಬೆಲೆಯ ಮಾತು. ಹೆಚ್ಚು ಹಣ ಕೊಟ್ಟರೆ ಹೆಚ್ಚು ಒಳ್ಳೆಯ ನಾದ ಬರುವುದೆಂಬುದು ಸಾಮಾನ್ಯ ನಂಬಿಕೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದು ನೋಡಿದರು. ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಅವು ಎಷ್ಟು ಸಮತೋಲದಿಂದ ಕೊಡುತ್ತವೆ ಎಂಬುದಕ್ಕೂ ಅವುಗಳ ಬೆಲೆಗೂ ಯಾವ ಸಂಬಂಧವೂ ಅವರಿಗೆ ಕಾಣಲಿಲ್ಲ. ಹಾಗೆಂದು ದುಬಾರಿಯಾದದ್ದೆಲ್ಲ ಮೋಸವೆಂದಲ್ಲ. ಹಗುರತನ, ಬಾಳಿಕೆ, ತಲೆಯ ಮೇಲೆ ಕೂಡುವ ಸುಖ ಇವುಗಳಿಗೂ ಬೆಲೆಯುಂಟು. ಆದರೆ ಬೆಲೆಚೀಟಿಯನ್ನು ನೋಡಿ ನಾದವನ್ನು ಊಹಿಸಬಾರದು.

ಏನನ್ನು ಕೇಳುತ್ತೇವೆ ಎಂಬುದೂ ಮುಖ್ಯ. ಬೀಳಗಿಯ ಮಗಳು ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ, ಅನಿಲ್ ಬಿಸ್ವಾಸರ ಸಂಗೀತದಲ್ಲಿ, ಹಾಡಿದ ಹಾಡುಗಳನ್ನು ಇಂದಿಗೂ ಪ್ರೀತಿಯಿಂದ ಕೇಳುವವರು ಈ ಭಾಗದಲ್ಲಿದ್ದಾರೆ. ಆ ಕಾಲದ ಮುದ್ರಣದಲ್ಲಿ ಅತಿ ಮೇಲಿನ ಸ್ವರಗಳು ದಾಖಲಾಗುತ್ತಲೇ ಇರಲಿಲ್ಲ. ಎಡ ಬಲಗಳ ಭೇದವೂ ಅದರಲ್ಲಿಲ್ಲ. ಹತ್ತಾರು ಸಾವಿರ ರೂಪಾಯಿಗಳ ತೆರೆದ ಹೆಡ್‌ಫೋನಿನಲ್ಲಿ ಕೇಳಿದರೆ ಅಮೀರಬಾಯಿಯ ಕಂಠ ತಲೆಯ ನಟ್ಟನಡುವೆ ನಿಲ್ಲುತ್ತದೆ, ತಟ್ಟೆಯ ಸರಸರ ಸದ್ದು ಮಾತ್ರ ಮೊದಲಿಗಿಂತ ಸ್ಪಷ್ಟವಾಗುತ್ತದೆ. ಅಂಥ ಸಂಗೀತಕ್ಕೆ ಸಾಧಾರಣ ಬೆಲೆಯ ಒಳ್ಳೆಯ ಹೆಡ್‌ಫೋನ್ ಸಾಕು. ಇತ್ತೀಚಿನ ಕಾಲದಲ್ಲಿ, ಸಭಾಗೃಹದಲ್ಲಿ, ಶ್ರದ್ಧೆಯಿಂದ ಮುದ್ರಿಸಿದ ಕಚೇರಿಗೆ ಮಾತ್ರ ತೆರೆದದ್ದರ ವಿಸ್ತಾರ ಸಾರ್ಥಕವಾಗುತ್ತದೆ.

ಬಾಳಿಕೆಯ ಲೆಕ್ಕವನ್ನೂ ನೋಡಬೇಕು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ತೆರೆದ ಜಾತಿಯದು, 1985ರಲ್ಲಿ ಬಂದ ಬೇಯರ್‌ಡೈನಾಮಿಕ್ ಡಿಟಿ 770 ಮುಚ್ಚಿದ ಜಾತಿಯದು. ಇಷ್ಟು ವರ್ಷಗಳ ನಂತರವೂ ಇವು ಬಳಕೆಯಲ್ಲಿವೆ, ಇವುಗಳ ದಿಂಬುಗಳು ಸವೆದರೆ ಹೊಸವನ್ನು ಹಾಕಿಕೊಳ್ಳಬಹುದು. ಒಮ್ಮೆ ಕೊಟ್ಟ ಹಣವನ್ನು ಹತ್ತು ಹದಿನೈದು ವರ್ಷಗಳಿಗೆ ಹಂಚಿ ನೋಡಿದರೆ ಅದು ಭಾರವೆನಿಸದು. ಬ್ಯಾಟರಿಯ ಮೇಲೆ ನಡೆಯುವ ತಂತಿಯಿಲ್ಲದ ಹೆಡ್‌ಫೋನಿಗೆ ಆ ಆಯುಷ್ಯವಿಲ್ಲ. ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬಲಗುಂದುತ್ತದೆ. ಆದರೆ ಎಚ್‌ಡಿ 600ರಂಥದಕ್ಕೆ 300 ಓಮ್‌ಗಳ ವಿದ್ಯುತ್‌ರೋಧವಿದೆ. ಫೋನಿಗೆ ನೇರವಾಗಿ ಸಿಕ್ಕಿಸಿದರೆ ಸೊರಗಿದ ದನಿಯೇ ಬಂದೀತು. ಪ್ರತ್ಯೇಕ ಆಂಪ್ಲಿಫೈಯರಿನ ಖರ್ಚನ್ನೂ ಅದರ ಬೆಲೆಗೆ ಸೇರಿಸಿಕೊಳ್ಳಬೇಕು. ಇನ್ನು ನಮ್ಮ ಬೇಸಿಗೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಕೃತಕ ಚರ್ಮದ ದಿಂಬುಳ್ಳ ಮುಚ್ಚಿದ ಹೆಡ್‌ಫೋನನ್ನು ಮೇ ತಿಂಗಳ ಮಧ್ಯಾಹ್ನ ಅರ್ಧ ಗಂಟೆ ಧರಿಸಿದರೆ ಕಿವಿ ಬೆವರಿಗೆ ತೊಯ್ಯುತ್ತದೆ. ಬೆವರಿನಿಂದ ಆ ಚರ್ಮ ಬೇಗ ಸುಲಿದುಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಮಾತು. ಆದರೆ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಯಂತ್ರವಲ್ಲ. ಬನಹಟ್ಟಿಯ ನಮ್ಮ ಕಾಕಾ ನಾಲ್ವತ್ತು ವರ್ಷ ವಿದ್ಯುತ್ ಮಗ್ಗದ ಮುಂದೆ ನಿಂತವರು. ಪ್ರಾಯದಲ್ಲಿ ಓಣಿಯ ಭಜನೆಯಲ್ಲಿ ತಂಬೂರಿ ಶ್ರುತಿ ಮಾಡುವ ಕೆಲಸ ಅವರದೇ ಆಗಿತ್ತು. ಒಂದು ರಾತ್ರಿ, ಮಗ್ಗಗಳೆಲ್ಲ ನಿಂತ ಮೇಲೆ, ನನ್ನ ತೆರೆದ ಹೆಡ್‌ಫೋನನ್ನು ಅವರ ತಲೆಗೆ ಏರಿಸಿ ತಂಬೂರಿಯ ನಾದವನ್ನು ಕೇಳಿಸಿದೆ. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೆಗೆದು ನನ್ನ ಕೈಗಿತ್ತು, “ತಂತಿ ಮೀಟಿದ್ದು ಕೇಳಸ್ತೈತಿ ತಮ್ಮಾ, ಝೇಂಕಾರ ಎಲ್ಲೈತಿ? ಇದು ಛಲೋ ಇಲ್ಲ, ಬ್ಯಾರೇದು ತಗೋ” ಎಂದರು. ಮುಚ್ಚಿದ್ದನ್ನು ಕೊಟ್ಟೆ. ಅದಕ್ಕೂ ಅದೇ ಮಾತು.

ಎರಡು ಯಂತ್ರಗಳಲ್ಲಿಯೂ ದೋಷವಿರಲಿಲ್ಲ. ಲಾಳಿಯ ಮಗ್ಗಗಳು ನಡೆಯುವ ಕೊಟ್ಟಡಿಗಳಲ್ಲಿ ಸದ್ದು 90 ಡೆಸಿಬಲ್ಲನ್ನು ಮೀರುವುದು ಸಾಮಾನ್ಯ. ಅಂಥ ಸದ್ದು ಕಿವಿಯನ್ನು ಒಮ್ಮೆಲೆ ಕೆಡಿಸುವುದಿಲ್ಲ. ಮೊದಲು 4000 ಹರ್ಟ್ಸ್‌ಗಳ ಆಸುಪಾಸಿನ ಸ್ವರಗಳನ್ನು ಕಸಿದುಕೊಳ್ಳುತ್ತದೆ. ಮಾತು ಕೇಳಿಸುತ್ತಲೇ ಇರುವುದರಿಂದ ಕಳೆದುಕೊಂಡವನಿಗೆ ಕಳೆದದ್ದು ತಿಳಿಯುವುದಿಲ್ಲ. ತಂಬೂರಿಯ ಜವಾರಿಗೆ ಮೆರುಗು ಕೊಡುವ ಸೂಕ್ಷ್ಮ ಸ್ವರಗಳು ಇರುವುದು ಆ ಎತ್ತರದಲ್ಲಿಯೇ. ಕಿವಿಯೊಳಗಿನ ಶಂಖದಲ್ಲಿರುವ ಕೂದಲಿನಂಥ ಜೀವಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಈ ಮಾತನ್ನು ಕಾಕಾನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. “ಹೌದು ಕಾಕಾ, ಬ್ಯಾರೇದು ನೋಡತೀನಿ” ಎಂದಷ್ಟೇ ಹೇಳಿದೆ.

ಈಗ ಅದೇ ಮಗ್ಗಗಳ ಮುಂದೆ ನಿಲ್ಲುವ ಹುಡುಗರು ಕಿವಿಗೆ ಹಾಡು ಹಾಕಿಕೊಂಡು ದುಡಿಯುತ್ತಾರೆ. ಬೇಸರ ಕಳೆಯಲು ಅವರಿಗೂ ಏನಾದರೂ ಬೇಕಲ್ಲ. ಆದರೆ ಮಗ್ಗದ ಸದ್ದನ್ನು ಹಾಡಿನ ಸದ್ದಿನಿಂದ ಗೆಲ್ಲಹೊರಟರೆ ಕಿವಿಗೆ ಎರಡು ಕಡೆಯಿಂದಲೂ ಪೆಟ್ಟು. ಮುಚ್ಚಿದ ಹೆಡ್‌ಫೋನ್ ಕೂಡ ಅಲ್ಲಿ ರಕ್ಷಣೆಯ ಕವಚವಲ್ಲ. 95 ಡೆಸಿಬಲ್ಲಿನಲ್ಲಿ 15ನ್ನು ಕಳೆದರೂ 80 ಉಳಿಯುತ್ತದೆ, ಅದರ ಮೇಲೆ ಹಾಡು ಏರಬೇಕು. ಕೆಲಸದ ಹೊತ್ತಿನಲ್ಲಿ ಬೇಕಾದದ್ದು ಕೆಲವೇ ರೂಪಾಯಿಗಳಿಗೆ ಸಿಗುವ ಸ್ಪಂಜಿನ ಕಿವಿಬೆಣೆ. ಹಾಡು ಮನೆಗೆ ಬಂದ ಮೇಲೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು, ಸಂಗೀತ ಕೇಳುವ ಹೊತ್ತಿಗೆ ನಿಮ್ಮ ಕೋಣೆಯಲ್ಲಿ ಏನೂ ಹಚ್ಚದೆ ಐದು ನಿಮಿಷ ಸುಮ್ಮನೆ ಕುಳಿತು ನೋಡಿರಿ. ಗಡಿಯಾರದ ಟಿಕ್ ಟಿಕ್ ಕೇಳಿಸಿದರೆ ತೆರೆದದ್ದನ್ನು ಧಾರಾಳವಾಗಿ ಕೊಳ್ಳಬಹುದು. ಅದರ ವಿಶಾಲವಾದ ನಾದಕ್ಕೆ ಬೇಕಾದ ಮೌನ ನಿಮ್ಮಲ್ಲಿದೆ. ಗಡಿಯಾರದ ಬದಲು ರಸ್ತೆಯೋ ಮಗ್ಗವೋ ಕೇಳಿಸಿದರೆ ಮುಚ್ಚಿದ್ದನ್ನು ಕೊಂಡು, ಮೆಲ್ಲಗೆ ಕೇಳಿರಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಹಳತಾದರೆ ಅದನ್ನು ಬದಲಿಸಬಹುದು. ಅದನ್ನು ಹಾಕಿಕೊಳ್ಳುವ ಕಿವಿಯನ್ನು ಬದಲಿಸಲಾಗದು. ಕಾಕಾ ಕೇಳಿದ ಬೇರೊಂದು ಹೆಡ್‌ಫೋನ್ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.