ಹೃದಯದ ಮಾತು: ಪಾಲಿಸಿ ಬದಲಿಸುವ ಮುನ್ನ ಇದನ್ನೊಮ್ಮೆ ಓದಿ



ವಿಶಾಖಪಟ್ಟಣದಲ್ಲಿ ನನ್ನ ಬಳಿ ಬಂದ ಒಂದು ಕನ್ನಡ ಕುಟುಂಬದ ಕಥೆ ಇದು. ಮಗ ವಿಜಯವಾಡದ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದರು. ತಂದೆಗೆ ಸ್ಟೆಂಟ್ ಹಾಕಿಸಿದ್ದು ಹಳೆಯ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ. ಕೆಲಸದ ಜೊತೆಗೆ ಆ ಪಾಲಿಸಿಯೂ ಹೋಯಿತು. ಹೊಸ ಪಾಲಿಸಿ ಮಾಡಿಸುವಾಗ ಯಾರೋ "ಸ್ಟೆಂಟ್ ವಿಷಯ ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂದರು. ಇವರೂ ಬರೆಯಲಿಲ್ಲ.

ಹತ್ತು ತಿಂಗಳಿಗೆ ತಂದೆಗೆ ಮತ್ತೆ ಎದೆನೋವು. "ಡಾಕ್ಟ್ರೇ, ಹಳೇ ಸ್ಟೆಂಟ್ ವಿಷಯ ರಿಪೋರ್ಟಿನಲ್ಲಿ ಹಾಕ್ಬೇಡಿ" ಎಂದು ಮಗ ಕೈಮುಗಿದರು. ಆದರೆ ಆಂಜಿಯೋಗ್ರಾಂನಲ್ಲಿ ಸ್ಟೆಂಟ್ ಎದ್ದು ಕಾಣುತ್ತದೆ. ಬರೆಯದಿದ್ದರೆ ಮುಂದೆ ನೋಡುವ ವೈದ್ಯರಿಗೂ ದಾರಿ ತಪ್ಪುತ್ತದೆ. ಕ್ಲೇಮ್ ತಿರಸ್ಕಾರವಾಯಿತು. ಊರಿನ ಜಮೀನಿನ ಮೇಲೆ ಸಾಲ ಮಾಡಬೇಕಾಯಿತು.

ಹೀಗಾಗದಿರಲು:

1. *ಕಾಯಿಲೆ ಮುಚ್ಚಿಡಬೇಡಿ.* ಬಿಪಿ, ಶುಗರ್‌ಗೆ ಮಾತ್ರೆ ನುಂಗುತ್ತಿದ್ದರೆ ಅದೂ ಚಿಕಿತ್ಸೆಯೇ. 2024ರ ನಿಯಮದಂತೆ ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು; ಮೊದಲು 48 ಇತ್ತು.

2. *ಕಾದ ಕಾಲ ವ್ಯರ್ಥವಲ್ಲ.* ಪೋರ್ಟ್ ಮಾಡಿದರೆ ಹಳೆಯ ಪಾಲಿಸಿಯಲ್ಲಿ ಕಳೆದ ಅವಧಿ ಹೊಸದಕ್ಕೂ ಲೆಕ್ಕಕ್ಕೆ ಬರುತ್ತದೆ. ಆದರೆ 3 ಲಕ್ಷದಿಂದ 10 ಲಕ್ಷಕ್ಕೆ ಹೋದರೆ, ಹೆಚ್ಚಿಸಿದ 7 ಲಕ್ಷಕ್ಕೆ ಮೊದಲಿನಿಂದ ಕಾಯಬೇಕು.

3. *ಬೇಗ ಅರ್ಜಿ ಹಾಕಿ.* ರಿನ್ಯೂವಲ್‌ಗೆ ಕನಿಷ್ಠ 45 ದಿನ ಮೊದಲು. ಹೊಸ ಕಂಪನಿ ನಿರಾಕರಿಸಲೂಬಹುದು. ಒಪ್ಪಿಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

4. *ಕೆಲಸ ಬಿಡುವ ಮೊದಲೇ ಎಚ್ಆರ್ ಬಳಿ ಕೇಳಿ.* ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು. ಆ ಕುಟುಂಬ ತಪ್ಪಿಸಿಕೊಂಡದ್ದು ಇದನ್ನೇ.

5. *60 ತಿಂಗಳು ಎಡೆಬಿಡದೆ ಪಾಲಿಸಿ ನಡೆಸಿದ್ದರೆ,* ವಂಚನೆ ಸಾಬೀತಾಗದ ಹೊರತು "ವಿಷಯ ತಿಳಿಸಿಲ್ಲ" ಎಂದು ಕ್ಲೇಮ್ ನಿರಾಕರಿಸುವಂತಿಲ್ಲ.

ಕ್ಲೇಮ್ ಅನ್ಯಾಯವಾಗಿ ನಿಂತರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಪರಿಹಾರ ಸಿಗದಿದ್ದರೆ ಆಂಧ್ರದಲ್ಲಿರುವವರಿಗೆ ಹೈದರಾಬಾದಿನ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ, ಶುಲ್ಕವಿಲ್ಲ.

ಮನೆಯಲ್ಲಿ 70 ದಾಟಿದ ಹಿರಿಯರಿದ್ದರೆ ಆಯುಷ್ಮಾನ್ ವಯವಂದನ ಕಾರ್ಡ್ ಮಾಡಿಸಿ. ಆದಾಯದ ಮಿತಿಯಿಲ್ಲ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ. ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿದ್ದರೆ ಇಲ್ಲಿನ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಇವತ್ತು ಸಂಜೆ ಅಪ್ಪ ಅಮ್ಮನ ಪಾಲಿಸಿ ತೆಗೆದು ರಿನ್ಯೂವಲ್ ದಿನಾಂಕ ನೋಡಿ. ಹಳೆಯ ಡಿಸ್ಚಾರ್ಜ್ ಸಮರಿಗಳನ್ನೂ ಅದರ ಜೊತೆಗೇ ಇಡಿ. ಪರಊರಿನಲ್ಲಿರುವ ನಮ್ಮವರಿಗೂ ಇದನ್ನು ಕಳುಹಿಸಿ.