ನೀರಿಲ್ಲದೆಡೆಯಲ್ಲೂ ಸಾಬೂನಿನ ಅಣುಗಳ ಕೂಟ

ಜಿಡ್ಡು ಮೆತ್ತಿದ ಪಾತ್ರೆ ಬರಿಯ ನೀರಿಗೆ ಬಗ್ಗದು. ಸಾಬೂನು ಸೋಕಿದೊಡನೆ ಶುಭ್ರವಾಗುತ್ತದೆ. ಇದಕ್ಕೆ ಕಾರಣ 'ಸರ್ಫ್ಯಾಕ್ಟಂಟ್' ಎಂಬ ಅಣುಗಳ ಇಬ್ಬಗೆಯ ಸ್ವಭಾವ. ಅಣುವಿನ ತಲೆಗೆ ನೀರು ಪ್ರಿಯ, ಬಾಲಕ್ಕೆ ಅಪ್ರಿಯ. ನೀರಿನಲ್ಲಿ ಇವುಗಳ ಪ್ರಮಾಣ ಒಂದು ಮಿತಿ ದಾಟಿದಾಗ, ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಚಾಚಿ ತಾವಾಗಿಯೇ ಗುಂಪುಗೂಡುತ್ತವೆ. ಈ ಗುಂಪೇ 'ಮೈಸೆಲ್'. ಶಾಂಪೂಗಳಲ್ಲಿ ಬಳಕೆಯಾಗುವ ಸೋಡಿಯಂ ಡೋಡೆಸೈಲ್ ಸಲ್ಫೇಟಿಗೆ ಈ ಮಿತಿ ಲೀಟರಿಗೆ ಸುಮಾರು 2.3 ಗ್ರಾಂ. ಜಿಡ್ಡು ಅಡಗುವುದು ಮೈಸೆಲ್‌ನ ಒಡಲಿನಲ್ಲಿ.

ಆದರೆ ಕೈಗಾರಿಕೆಯ ಎಲ್ಲ ಕೆಲಸವೂ ನೀರಿನಿಂದ ಸಾಗದು. ಅಲ್ಲಿ ಬಳಸುವ ಅನೇಕ ಪೆಟ್ರೋಲಿಯಂ ದ್ರಾವಕಗಳು ಬೇಗನೆ ಆವಿಯಾಗಿ ಗಾಳಿ ಸೇರುತ್ತವೆ, ಬೆಂಕಿಗೆ ಆಹುತಿಯಾಗುತ್ತವೆ, ಕಾರ್ಮಿಕರ ಆರೋಗ್ಯಕ್ಕೂ ಕುತ್ತು ತರುತ್ತವೆ. ಆದ್ದರಿಂದಲೇ ಬದಲಿ ದ್ರಾವಕಗಳ ಶೋಧ.

2003ರಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ಮತ್ತು ಸಂಗಡಿಗರು ಅಂಥದೊಂದು ದ್ರವವನ್ನು ವರದಿ ಮಾಡಿದರು. ಕೋಳಿ ಆಹಾರಕ್ಕೆ ಬೆರೆಸುವ ಕೋಲಿನ್ ಕ್ಲೋರೈಡ್ ಕರಗುವುದು 302 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗೊಬ್ಬರದ ಯೂರಿಯಾ 133 ಡಿಗ್ರಿಯಲ್ಲಿ. ಅಣುಗಳ ಲೆಕ್ಕದಲ್ಲಿ ಒಂದಕ್ಕೆ ಎರಡರಂತೆ ಬೆರೆಸಿದರೆ ಮಿಶ್ರಣ 12 ಡಿಗ್ರಿಯಲ್ಲೇ ಕರಗುತ್ತದೆ! ಹೈಡ್ರೋಜನ್ ಬಂಧಗಳು ಹರಳಿನ ಕಟ್ಟನ್ನು ಸಡಿಲಿಸುವುದೇ ಇದರ ಗುಟ್ಟು. ಇಂಥವಕ್ಕೆ 'ಡೀಪ್ ಯೂಟೆಕ್ಟಿಕ್ ದ್ರಾವಕ' ಎಂದು ಹೆಸರು.

ಈ ದ್ರವದಲ್ಲಿ ಸಾಬೂನಿನ ಅಣುಗಳು ಗುಂಪುಗೂಡುವವೇ? ಹೌದು ಎನ್ನುತ್ತವೆ ಪ್ರಯೋಗಗಳು. ದೆಹಲಿ ಐಐಟಿಯ ಸಿದ್ಧಾರ್ಥ ಪಾಂಡೆ ಮತ್ತು ಸಹೋದ್ಯೋಗಿಗಳು 2014ರಲ್ಲಿ ಸೋಡಿಯಂ ಡೋಡೆಸೈಲ್ ಸಲ್ಫೇಟಿನ ಕೂಟಗಳನ್ನು ಇದರಲ್ಲಿ ಗುರುತಿಸಿದರು. ಮರುವರ್ಷ ಬಾತ್ ವಿಶ್ವವಿದ್ಯಾಲಯದ ಕರೆನ್ ಎಡ್ಲರ್ ತಂಡ ನ್ಯೂಟ್ರಾನ್ ಕಿರಣಗಳಿಂದ ಅವುಗಳ ಆಕಾರವನ್ನೇ ಅಳೆಯಿತು. ನೀರಿನಲ್ಲಿ ಹೆಚ್ಚುಕಡಿಮೆ ದುಂಡಗಿರುವ ಮೈಸೆಲ್, ಇಲ್ಲಿ ಉದ್ದನೆಯ ಕೊಳವೆಯಂತಿತ್ತು. ನೀರು ಬೆರೆಸಿದಂತೆ ಗಿಡ್ಡವಾಯಿತು. ಕಾರಣ ಸರಳ. ಋಣಾವೇಶದ ತಲೆಗಳು ಸಹಜವಾಗಿ ಒಂದನ್ನೊಂದು ದೂಡುತ್ತವೆ. ಧನಾವೇಶದ ಕೋಲಿನ್ ನಡುವೆ ಬಂದು ಆ ವಿಕರ್ಷಣೆಯನ್ನು ತಗ್ಗಿಸಿದಾಗ ತಲೆಗಳು ಒತ್ತಾಗಿ ಕೂರುತ್ತವೆ, ಗೋಲ ನೀಳವಾಗುತ್ತದೆ.

ಆಕಾರವನ್ನು ಹೀಗೆ ಬೇಕಾದಂತೆ ಹೊಂದಿಸಬಹುದಾದರೆ, ನ್ಯಾನೊ ವಸ್ತುಗಳಿಗೆ ಅಚ್ಚಾಗಿ, ನೀರಿನಲ್ಲಿ ಕರಗದ ಔಷಧಗಳ ವಾಹಕವಾಗಿ ಮೈಸೆಲ್‌ಗಳನ್ನು ಬಳಸುವ ದಾರಿ ತೆರೆದೀತು.

ಹಾಗೆಂದು 'ಹಸಿರು' ಎಂಬ ಹಣೆಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಈ ದ್ರವ ಕೋಣೆಯ ಉಷ್ಣತೆಯಲ್ಲಿ ನೀರಿಗಿಂತ ನೂರಾರು ಪಟ್ಟು ಮಂದ. ಗಾಳಿಯ ತೇವವನ್ನು ಹೀರಿ ಗುಣ ಬದಲಿಸುತ್ತದೆ. ಆವಿಯಾಗದಿರುವುದು ಉಸಿರಿಗೆ ವರವಾದರೂ, ಬಳಸಿದ ದ್ರವವನ್ನು ಬಟ್ಟಿಯಿಳಿಸಿ ಮರಳಿ ಪಡೆಯಲು ಅಡ್ಡಿ. ಯೂರಿಯಾದ ಬದಲು ಎಥಿಲೀನ್ ಗ್ಲೈಕಾಲ್ ಬಳಸಿದರೆ ಅದು ವಿಷಕಾರಿ. ದ್ರಾವಕ ನಿಜಕ್ಕೂ ಹಸಿರೇ ಎಂಬುದು ತಯಾರಿಕೆಯಿಂದ ವಿಲೇವಾರಿಯವರೆಗಿನ ಪೂರ್ತಿ ಲೆಕ್ಕದಿಂದಷ್ಟೇ ತೀರ್ಮಾನವಾಗಬೇಕು.