ಸಣ್ಣ ಕೊಳವೆ ಕತ್ತರಿಸಲು ಯಾವ ಸಲಕರಣೆ?

ಹೊಲ, ತೋಟ, ಪಂಪ್‌ಸೆಟ್ಟು ಎಂದ ಮೇಲೆ ಕೊಳವೆಯ ಕೆಲಸ ತಪ್ಪಿದ್ದಲ್ಲ. ಡೀಸೆಲ್ ಟ್ಯಾಂಕಿನಿಂದ ಫಿಲ್ಟರಿಗೆ ಬರುವ ತಾಮ್ರದ ಕೊಳವೆ, ಔಷಧಿ ಸಿಂಪಡಿಸುವ ಹಿತ್ತಾಳೆಯ ಕೋಲು, ಕೊಟ್ಟಿಗೆಯ ನೀರಿನ ಅರ್ಧ ಅಂಗುಲದ ಜಿ.ಐ. ಪೈಪು, ಇವುಗಳಲ್ಲಿ ಒಂದಲ್ಲ ಒಂದು ಆಗಾಗ ಕೈಕೊಡುತ್ತಲೇ ಇರುತ್ತದೆ. ಅದೂ ಬೆಳೆಗೆ ನೀರು ಬೇಕಾದ ಹೊತ್ತಿನಲ್ಲೇ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ದಿನ ಕಳೆಯುತ್ತದೆ. ಆದ್ದರಿಂದ ಹಲವು ರೈತರು ಮನೆಯಲ್ಲೇ ನಾಲ್ಕಾರು ಸಲಕರಣೆ ಇಟ್ಟುಕೊಂಡು ಇಂಥ ಕೆಲಸಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಬಿಡುವಿನಲ್ಲಿ ಕೈಯಾರೆ ಏನಾದರೂ ತಯಾರಿಸುವ ಹವ್ಯಾಸವುಳ್ಳ ಯುವಕರೂ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ.

ಇಂಥವರಿಗೆ ಎದುರಾಗುವ ಮೊದಲ ತೊಡಕೆಂದರೆ ಕೊಳವೆಯನ್ನು ನೇರವಾಗಿ, ಚಪ್ಪಟೆಯಾಗದಂತೆ ಕತ್ತರಿಸುವುದು. ಕೈಗೆ ಸಿಕ್ಕಿದ ಗರಗಸದಿಂದ ಕೊಯ್ದರೆ ಬಾಯಿ ಓರೆಯಾಗುತ್ತದೆ, ಜೋಡಣೆ ಸೋರುತ್ತದೆ, ಒಳಗೆ ಬಿದ್ದ ಚೂರು ಮುಂದೆಲ್ಲೋ ಹೋಗಿ ಸಿಕ್ಕಿಕೊಳ್ಳುತ್ತದೆ. ಸರಿಯಾದ ಸಲಕರಣೆಯಿದ್ದರೆ ಇದು ಹತ್ತು ನಿಮಿಷದ ಕೆಲಸ. ಅದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ.

ಮೊದಲು ಕೊಳವೆಯನ್ನು ನೋಡಿ

ಸಲಕರಣೆಗೆ ಕೈ ಹಾಕುವ ಮುನ್ನ ಮೂರು ಸಂಗತಿಗಳನ್ನು ಗಮನಿಸಿರಿ. ಕೊಳವೆ ಯಾವ ಲೋಹದ್ದು? ಅದರ ತಗಡಿನ ದಪ್ಪ ಎಷ್ಟು? ಅದರೊಳಗೆ ಹರಿಯುವುದು ಏನು?

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಮೆದು ಲೋಹಗಳು. ಬೇಗ ಕತ್ತರಿಸುತ್ತವೆ, ಅಷ್ಟೇ ಬೇಗ ನೆಗ್ಗುತ್ತವೆ. ಕಬ್ಬಿಣದ ಪೈಪಿನ ತಗಡು ದಪ್ಪ. ಅರ್ಧ ಅಂಗುಲದ ಜಿ.ಐ. ಪೈಪಿನಲ್ಲಿ ಹಳದಿ ಪಟ್ಟಿಯ ಹಗುರ ದರ್ಜೆಗೆ 2 ಮಿ.ಮೀ., ನೀಲಿ ಪಟ್ಟಿಯ ಮಧ್ಯಮ ದರ್ಜೆಗೆ 2.6 ಮಿ.ಮೀ., ಕೆಂಪು ಪಟ್ಟಿಯ ಭಾರಿ ದರ್ಜೆಗೆ 3.2 ಮಿ.ಮೀ. ದಪ್ಪವಿರುತ್ತದೆ. ಎಂಜಿನ್ನಿನ ಸಣ್ಣ ತಾಮ್ರದ ಕೊಳವೆಯದು ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಸಲಕರಣೆಯ ಆಯ್ಕೆ ನಿಂತಿರುವುದು ಮುಖ್ಯವಾಗಿ ಈ ದಪ್ಪದ ಮೇಲೆ.

ಹ್ಯಾಕ್ಸಾ: ಹಲ್ಲಿನ ಲೆಕ್ಕ

ಹ್ಯಾಕ್ಸಾ ಬಹುಪಾಲು ಮನೆಗಳಲ್ಲಿ ಇದೆ. ಆದರೆ ಅದರ ಬ್ಲೇಡಿನ ಹಲ್ಲು ಎಣಿಸಿ ಕೊಳ್ಳುವವರು ವಿರಳ. ಅಂಗುಲಕ್ಕೆ 14, 18, 24 ಮತ್ತು 32 ಹಲ್ಲುಗಳ ಬ್ಲೇಡುಗಳು ದೊರೆಯುತ್ತವೆ. ನಿಯಮ ಸರಳವಾದದ್ದು: ಕೊಯ್ಯುವಾಗ ತಗಡಿನ ದಪ್ಪದ ಮೇಲೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಹಲ್ಲುಗಳು ಒಟ್ಟಿಗೆ ಕುಳಿತಿರಬೇಕು. ಒಂದೇ ಹಲ್ಲು ತಗಡಿಗೆ ಸಿಕ್ಕಿಕೊಂಡರೆ ಹಲ್ಲು ಮುರಿಯುತ್ತದೆ, ಇಲ್ಲವೇ ಕೊಳವೆ ಹರಿಯುತ್ತದೆ.

24 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 1 ಮಿ.ಮೀ.ಗಿಂತ ತುಸು ಹೆಚ್ಚು ಅಂತರ. ಜಿ.ಐ. ಪೈಪಿಗೆ ಇದು ಸರಿ. 32 ಹಲ್ಲಿನದರಲ್ಲಿ ಅಂತರ ಸುಮಾರು 0.8 ಮಿ.ಮೀ. ತೆಳು ಕೊಳವೆಗೆ ಇದನ್ನೇ ಉಪಯೋಗಿಸತಕ್ಕದ್ದು. ಆದರೂ 1 ಮಿ.ಮೀ. ತಗಡಿನ ಮೇಲೆ ಎರಡು ಹಲ್ಲು ಸರಿಯಾಗಿ ಕೂರುವುದು ಕಷ್ಟ. ಅದಕ್ಕೊಂದು ಉಪಾಯವಿದೆ. ಕೊಳವೆಯನ್ನು ಒಂದೇ ಕಡೆಯಿಂದ ಕೊನೆಯವರೆಗೆ ಕೊಯ್ಯಬೇಡಿ. ಬ್ಲೇಡು ತಗಡನ್ನು ದಾಟಿ ಒಳಗೆ ಇಳಿದ ಕೂಡಲೇ ಕೊಳವೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ಮೇಲ್ಭಾಗದಲ್ಲೇ ಕೊಯ್ಯಿರಿ. ದುಂಡಿನ ನೆತ್ತಿಯ ಮೇಲೆ ಬ್ಲೇಡಿಗೆ ಹೆಚ್ಚು ಲೋಹ ಸಿಗುವುದರಿಂದ ಹಲ್ಲು ಸಿಕ್ಕಿಬೀಳುವುದಿಲ್ಲ.

ಬ್ಲೇಡಿನ ಹಲ್ಲುಗಳು ಮುಂದಕ್ಕೆ ಮುಖ ಮಾಡಿರಬೇಕು. ಒತ್ತಡ ಮುಂದೆ ತಳ್ಳುವಾಗ ಮಾತ್ರ ಇರಲಿ, ಹಿಂದೆಳೆಯುವಾಗ ಬೇಡ. ಕಬ್ಬಿಣಕ್ಕೆ ಎರಡು ಹನಿ ಎಣ್ಣೆ, ಅಲ್ಯೂಮಿನಿಯಂಗೆ ಎರಡು ಹನಿ ಸೀಮೆಎಣ್ಣೆ ಬಿಟ್ಟರೆ ಹಲ್ಲಿನ ನಡುವೆ ಪುಡಿ ಮೆತ್ತುವುದಿಲ್ಲ. ಹಿತ್ತಾಳೆಯನ್ನು ಹಾಗೆಯೇ ಕೊಯ್ಯಬಹುದು.

ಕೊಳವೆಯನ್ನು ವೈಸಿನಲ್ಲಿ ನೇರವಾಗಿ ಬಿಗಿದರೆ ಚಪ್ಪಟೆಯಾಗುತ್ತದೆ. ಎರಡು ಮರದ ತುಂಡುಗಳಲ್ಲಿ ಕೊಳವೆ ಕೂರುವಂತೆ ಉದ್ದಕ್ಕೆ ತೋಡು ಮಾಡಿಕೊಂಡು, ಅವುಗಳ ನಡುವೆ ಇಟ್ಟು ಬಿಗಿಯಿರಿ. ನೇರ ಗುರುತಿಗೆ ಒಂದು ಕಾಗದದ ಪಟ್ಟಿ ಸಾಕು. ಪಟ್ಟಿಯನ್ನು ಕೊಳವೆಗೆ ಸುತ್ತಿ ಅಂಚಿಗೆ ಅಂಚು ಕೂಡಿಸಿದರೆ, ಆ ಅಂಚೇ ನೀವು ಕೊಯ್ಯಬೇಕಾದ ಗೆರೆ.

ಚಕ್ರದ ಕಟರ್

ಫ್ರಿಜ್ ದುರಸ್ತಿ ಮಾಡುವವರ ಕೈಯಲ್ಲಿ ಅಂಗೈಯಗಲದ ಒಂದು ಸಲಕರಣೆಯನ್ನು ನೀವು ನೋಡಿರಬಹುದು. ಒಂದು ಬದಿಗೆ ಹರಿತವಾದ ಪುಟ್ಟ ಚಕ್ರ, ಎದುರಿಗೆ ಎರಡು ಉರುಳೆಗಳು, ಹಿಂದೆ ಬಿಗಿಸುವ ತಿರುಪು. ಇದೇ ಟ್ಯೂಬ್ ಕಟರ್. ಇದರ ಚಿಕ್ಕ ಅಳತೆಯವು ಸುಮಾರು 3 ಮಿ.ಮೀ.ನಿಂದ 16 ಅಥವಾ 22 ಮಿ.ಮೀ.ವರೆಗಿನ ಕೊಳವೆಗಳಿಗೆ ಸಲ್ಲುತ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೊಳವೆಗೆ ಇದಕ್ಕಿಂತ ಒಳ್ಳೆಯ ಕೈಸಲಕರಣೆ ಇಲ್ಲವೆಂದೇ ಹೇಳಬಹುದು. ಗೆರೆ ತಾನಾಗಿಯೇ ನೇರವಾಗಿ ಬರುತ್ತದೆ. ಗರಗಸದಿಂದ ಬೀಳುವಂತೆ ಪುಡಿ ಬೀಳುವುದಿಲ್ಲ.

ಬಳಸುವಾಗ ಅವಸರ ಕೂಡದು. ಚಕ್ರವನ್ನು ಗುರುತಿನ ಮೇಲಿಟ್ಟು ಮೆಲ್ಲಗೆ ತಾಗುವಷ್ಟೇ ಬಿಗಿಸಿ ಒಂದು ಸುತ್ತು ತಿರುಗಿಸಿರಿ. ಗೆರೆ ಹೊರಟಲ್ಲಿಗೇ ಬಂದು ಸೇರಿತೇ ನೋಡಿರಿ. ಆಮೇಲೆ ಪ್ರತಿ ಸುತ್ತಿಗೂ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಹೋಗಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಲವಾಗಿ ಬಿಗಿಸಿದರೆ ಅಂಚು ಒಳಕ್ಕೆ ಮಡಚಿಕೊಂಡು ಕೊಳವೆಯ ಬಾಯಿ ಕಿರಿದಾಗುತ್ತದೆ.

ಇದಕ್ಕೂ ಮಿತಿಗಳಿವೆ. ಕತ್ತರಿಸುವ ಜಾಗದಲ್ಲಿ ಕೊಳವೆ ದುಂಡಗೆ, ನೆಟ್ಟಗೆ ಇರಬೇಕು. ಸುತ್ತಲೂ ಕಟರ್ ತಿರುಗುವಷ್ಟು ಜಾಗ ಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಅದಕ್ಕೆಂದೇ ಮಾಡಿದ ಗಡಸು ಚಕ್ರ ಹಾಕಬೇಕು. ತಾಮ್ರದ ಚಕ್ರ ಅದರ ಮೇಲೆ ಬೇಗ ಮೊಂಡಾಗುತ್ತದೆ.

ಪೆನ್ಸಿಲಿಗಿಂತ ಸಣ್ಣದಾದರೆ

ಎರಡು ಮೂರು ಮಿ.ಮೀ. ಕೊಳವೆಗೆ ಕಟರ್ ಕೂರುವುದಿಲ್ಲ, ಹ್ಯಾಕ್ಸಾ ಒರಟಾಗುತ್ತದೆ. ಇದಕ್ಕೆ ಮೂರು ಮೂಲೆಯ ಸಣ್ಣ ಅರವೊಂದು ಸಾಕು. ಗುರುತಿನ ಮೇಲೆ ಕೊಳವೆಯ ಸುತ್ತಲೂ ಅರದಿಂದ ಸಮನಾಗಿ ಗೀರು ಮಾಡಿ, ಎರಡೂ ಬದಿ ಹಿಡಿದು ಮೆಲ್ಲಗೆ ಅತ್ತಿತ್ತ ಬಾಗಿಸಿದರೆ ಗೀರಿನಲ್ಲೇ ಮುರಿಯುತ್ತದೆ. ಗೀರು ಹಾಕುವಾಗ ಒಳಗೆ ಸರಿಯಾಗಿ ಕೂರುವ ತಂತಿ ತೂರಿಸಿಟ್ಟರೆ ನೆಗ್ಗುವುದಿಲ್ಲ; ಮುರಿಯುವ ಮುನ್ನ ತಂತಿಯನ್ನು ಹೊರಗೆಳೆದುಬಿಡಿ. ಇನ್ನೂ ನಯ ಬೇಕಾದರೆ ಅಕ್ಕಸಾಲಿಗರು ಬಳಸುವ ಎಳೆಯಂಥ ಬ್ಲೇಡಿನ ಗರಗಸ ಉತ್ತಮ.

ಗ್ರೈಂಡರ್ ಎಲ್ಲಕ್ಕೂ ಮದ್ದಲ್ಲ

ಈಗ ಊರೂರಲ್ಲೂ ಕೈಯಲ್ಲಿ ಹಿಡಿಯುವ ವಿದ್ಯುತ್ ಗ್ರೈಂಡರ್ ಇದೆ. ಕಬ್ಬಿಣದ ಪೈಪಿಗೆ, ಚೌಕಟ್ಟಿನ ಕೆಲಸಕ್ಕೆ ಅದು ಅನುಕೂಲವೇ ಸರಿ. ಆದರೆ ತೆಳು ತಾಮ್ರದ ಕೊಳವೆಗೆ ಅದನ್ನು ಹಿಡಿಯುವುದೆಂದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ. ಕೊಳವೆ ಕಾಯುತ್ತದೆ, ಅಂಚು ಹರಿಯುತ್ತದೆ, ಕಲ್ಲಿನ ಪುಡಿ ಒಳಗೆ ಸೇರುತ್ತದೆ. ಕಬ್ಬಿಣದ ಬಿಲ್ಲೆಯಿಂದ ಅಲ್ಯೂಮಿನಿಯಂ ಕೊಯ್ದರೆ ಲೋಹ ಬಿಲ್ಲೆಗೇ ಮೆತ್ತಿಕೊಳ್ಳುತ್ತದೆ.

ಗ್ರೈಂಡರ್ ಬಳಸಲೇಬೇಕಾದರೆ 1 ಮಿ.ಮೀ. ದಪ್ಪದ ಕತ್ತರಿಸುವ ಬಿಲ್ಲೆ ಹಾಕಿರಿ. ಬಿಲ್ಲೆಯ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ಕಾವಲು ತಗಡನ್ನು ಎಂದೂ ಬಿಚ್ಚಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಜೋಲಾಡುವ ಟವೆಲು, ಪಂಚೆಯ ಅಂಚು ಹತ್ತಿರ ಸುಳಿಯದಿರಲಿ. ಹುಲ್ಲಿನ ಬಣವೆಯ ಬಳಿ, ಡೀಸೆಲ್ ಟ್ಯಾಂಕಿನ ಬಳಿ ಕಿಡಿ ಹಾರಿಸುವ ಕೆಲಸ ಮಾಡತಕ್ಕದ್ದಲ್ಲ.

ಬಾಯಿ ನಯ ಮಾಡದೆ ಕೆಲಸ ಮುಗಿಯದು

ಯಾವ ಸಲಕರಣೆಯಿಂದ ಕತ್ತರಿಸಿದರೂ ಅಂಚಿನಲ್ಲಿ ಲೋಹದ ಸಿಬಿರು ಉಳಿಯುತ್ತದೆ. ಫಿಟ್ಟರುಗಳು ಇದನ್ನು ‘ಬರ್’ ಎನ್ನುತ್ತಾರೆ. ಹೊರಗಿನದನ್ನು ಚಪ್ಪಟೆ ಅರದಿಂದ, ಒಳಗಿನದನ್ನು ಗುಂಡು ಅರದಿಂದ ತೆಗೆಯಬೇಕು. ಕೆಲವು ಕಟರ್‌ಗಳಿಗೆ ಇದಕ್ಕೆಂದೇ ಮೊನಚಾದ ಅಲಗು ಕೂಡಿಸಿರುತ್ತಾರೆ. ತೆಗೆಯುವಾಗ ಕೊಳವೆಯ ಬಾಯಿ ನೆಲಕ್ಕೆ ಮುಖ ಮಾಡಿರಲಿ; ಪುಡಿ ಹೊರಗೆ ಉದುರುತ್ತದೆ. ಕೊನೆಗೆ ಗಾಳಿ ಊದಿ ಅಥವಾ ತಂತಿಗೆ ಬಟ್ಟೆ ಸುತ್ತಿ ಒಳಗೆ ಎಳೆದು ಶುದ್ಧ ಮಾಡಿರಿ.

ಇದು ಚಿಕ್ಕ ಕೆಲಸವೆಂದು ಬಿಟ್ಟರೆ ಏನಾಗುತ್ತದೆ? ಅಡಿಕೆ ತೋಟದವರ ಉದಾಹರಣೆ ತೆಗೆದುಕೊಳ್ಳಿ. ಕೊಳೆರೋಗಕ್ಕೆ ಮುಂಗಾರಿನ ಹೊತ್ತಿಗೆ ಬೋರ್ಡೋ ಹೊಡೆಯಬೇಕು. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ಮರದ ತುದಿಯಲ್ಲಿ ನಾಜಲ್ ಕಟ್ಟಿದರೆ ಆ ಬಿಡುವು ಕೈತಪ್ಪಿತು. ಕಟ್ಟಲು ಒಂದು ಲೋಹದ ಚೂರು ಸಾಕು. ಬೋರ್ಡೋದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ಹಿತ್ತಾಳೆಯ ಕೋಲಿಗೆ ಕಬ್ಬಿಣದ ತುಂಡು ಜೋಡಿಸುವುದೂ ಸಲ್ಲದು. ಔಷಧಿ ಹೊಡೆದ ಕೋಲನ್ನು ಕತ್ತರಿಸುವ ಮುನ್ನ ಒಳಗೂ ಹೊರಗೂ ಚೆನ್ನಾಗಿ ತೊಳೆಯಲು ಮರೆಯಬೇಡಿ.

ಕೆಳಗೆ ಬಿದ್ದ ಚೂರುಗಳನ್ನೂ ಗುಡಿಸಿ ತೆಗೆಯಿರಿ. ಮೇವಿನ ಜೊತೆ ಲೋಹದ ಚೂರು ದನದ ಹೊಟ್ಟೆ ಸೇರಿದರೆ ಎರಡನೆಯ ಹೊಟ್ಟೆಯನ್ನು ಚುಚ್ಚಿ, ಅಲ್ಲಿಂದ ಹೃದಯದವರೆಗೂ ಹೋಗಬಲ್ಲದು. ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಕೆಲವೊಮ್ಮೆ ಸತ್ತೇ ಹೋಗುತ್ತದೆ. ಕೊಟ್ಟಿಗೆಯಲ್ಲಿ ಮೇವಿನ ಬಳಿ ಈ ಕೆಲಸ ಬೇಡವೇ ಬೇಡ.

ಇದನ್ನು ಮಾತ್ರ ಕತ್ತರಿಸಬೇಡಿ

ಡೀಸೆಲ್ ಎಂಜಿನ್ನಿನಲ್ಲಿ ಎರಡು ಬಗೆಯ ಕೊಳವೆಗಳಿವೆ. ಟ್ಯಾಂಕಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಪಂಪಿಗೆ ಬರುವುದರಲ್ಲಿ ಒತ್ತಡ ಕಡಿಮೆ. ಟ್ಯಾಂಕಿನ ನಲ್ಲಿ ಮುಚ್ಚಿ, ಕೊಳವೆ ಬಿಚ್ಚಿ, ಡೀಸೆಲ್ ಬಸಿದು ಅದನ್ನು ಕತ್ತರಿಸಿ ಜೋಡಿಸಬಹುದು. ಆದರೆ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ದಪ್ಪ ತಗಡಿನ ಉಕ್ಕಿನ ಕೊಳವೆ ಬೇರೆಯದೇ. ಪಂಪ್‌ಸೆಟ್ಟಿನ ಎಂಜಿನ್ನುಗಳಲ್ಲಿ ಅದರೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ 200 ಕಿಲೋ ಆಸುಪಾಸಿಗೆ ಏರುತ್ತದೆ. ಅದು ಬಿರುಕು ಬಿಟ್ಟರೆ ಕತ್ತರಿಸುವುದು, ಬೆಸುಗೆ ಹಾಕುವುದು, ನಡುವೆ ತುಂಡು ಸೇರಿಸುವುದು ಯಾವುದನ್ನೂ ಮಾಡಬೇಡಿ. ಅದೇ ಎಂಜಿನ್ನಿನ ಹೊಸ ಕೊಳವೆಯನ್ನೇ ತಂದು ಹಾಕಿರಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಕೊಳವೆಗೂ ಬ್ರೇಕಿನ ಕೊಳವೆಗೂ ಇದೇ ಮಾತು.

ಎಲ್ಲಿ ಸೋರುತ್ತಿದೆ ಎಂದು ಎಂಜಿನ್ ಓಡುತ್ತಿರುವಾಗ ಬೆರಳಿಟ್ಟು ನೋಡುವುದು ಬಹಳ ಅಪಾಯ. ಕಣ್ಣಿಗೆ ಕಾಣದಷ್ಟು ಸಣ್ಣ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿರಿ. ಹಾಗೇನಾದರೂ ಕೈಗೆ ತಾಗಿದರೆ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗಿ, ಡೀಸೆಲ್ ಧಾರೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿರಿ.

ಏನನ್ನು ಕೊಳ್ಳಬೇಕು?

ಹೊಸದಾಗಿ ಸಲಕರಣೆ ಕೂಡಿಸುವವರು ಮೊದಲು ಗಟ್ಟಿಮುಟ್ಟಾದ ಹ್ಯಾಕ್ಸಾ ಚೌಕಟ್ಟು, 24 ಮತ್ತು 32 ಹಲ್ಲಿನ ಕೆಲವು ಬ್ಲೇಡು, ಚಪ್ಪಟೆ, ಗುಂಡು ಮತ್ತು ಮೂರು ಮೂಲೆಯ ಅರಗಳನ್ನು ಕೊಳ್ಳಲಿ. ಎರಡನೆಯದಾಗಿ ಚಿಕ್ಕ ಟ್ಯೂಬ್ ಕಟರ್ ಮತ್ತು ಒಂದು ಬದಲಿ ಚಕ್ರ. ಕೊಳ್ಳುವಾಗ ಚಕ್ರ ಅಲುಗಾಡದೆ ಉರುಳೆಗಳ ನಡುವೆ ನೇರವಾಗಿ ಕೂರುವುದೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿರಿ. ಅಲುಗಾಡಿದರೆ ಗೆರೆ ತಿರುಪಿನ ಸುರುಳಿಯಂತೆ ಜಾರುತ್ತದೆ. ಕಬ್ಬಿಣದ ಕೆಲಸ ಹೆಚ್ಚಾಗಿದ್ದವರು ಮಾತ್ರ ಗ್ರೈಂಡರಿನ ಯೋಚನೆ ಮಾಡಲಿ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು.

ಬೇಸಿಗೆಯ ನೀರಾವರಿ ಮೊದಲಾಗುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಎಂಜಿನ್ನಿನ, ಸಿಂಪಡಿಸುವ ಯಂತ್ರದ ಕೊಳವೆಗಳನ್ನೆಲ್ಲ ಒಮ್ಮೆ ನೋಡಿರಿ. ಕಡಿಮೆ ಒತ್ತಡದ ಕೊಳವೆಗೆ ಒಂದು ಮೀಟರ್ ಬದಲಿ ತಾಮ್ರದ ಕೊಳವೆ ಮನೆಯಲ್ಲಿರಲಿ. ಹೆಚ್ಚು ಒತ್ತಡದ್ದಕ್ಕೆ ನಿಮ್ಮ ಎಂಜಿನ್ನಿಗೆ ಸರಿಹೊಂದುವ ಹೊಸ ಕೊಳವೆಯೊಂದನ್ನು ಮೊದಲೇ ತಂದಿಡಿ. ಆಗ ನೀರು ಬೇಕಾದ ದಿನ ಪಂಪು ನಿಲ್ಲುವುದಿಲ್ಲ.